ಮಾವನ ಕ್ಯಾಲೆಂಡರಿಗೆ ಹೊಸ ವರ್ಷ

ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಡ್ರೈವರಮ್ಮ. ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವವಳು. ಗಂಟಲು ದೊಡ್ಡದು, ಕೈ ಗಟ್ಟಿ, ಹಿಡಿದ ಪಟ್ಟು ಸಡಿಲಿಸುವ ಜಾಯಮಾನವಂತೂ ಅಲ್ಲವೇ ಅಲ್ಲ. ಸೈರನ್ ಕೇಳಿದರೂ ದಾರಿ ಬಿಡದ ಲಾರಿಯವರು ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಸಾಕು, ಬಿಟ್ಟೇ ಬಿಡುತ್ತಾರೆ ಅಂತ ಅವಳ ಗಂಡ ನೆಂಟರ ಮುಂದೆ ನಗಾಡುತ್ತಿದ್ದ. ಅವನು ಮಾತ್ರ ಮೆದು ಮನುಷ್ಯ. ಹಣ್ಣು ತರಕಾರಿ ಇಡುವ ತಂಪು ಗೋದಾಮಿನಲ್ಲಿ ಮೇಲ್ವಿಚಾರಕ. ಹೆಂಡತಿಯ ಎದುರಿಗಿರಲಿ, ತಂಗಿಯ ಎದುರಿಗೂ ದನಿ ಏರಿಸಿದವನಲ್ಲ.

ಮನೆಯಲ್ಲಿ ಮೂರನೆಯವರು ಮಾವ. ಬಡಗಿ. ಆ ಬೀದಿಯ ಅರ್ಧಕ್ಕರ್ಧ ಬಾಗಿಲುಗಳು ಅವರ ಕೈಯಿಂದ ಬಂದವು. ಈಗ ಮರೆವಿನ ಕಾಯಿಲೆ. ಮೊದಮೊದಲು ಉಳಿ ಎಲ್ಲಿಟ್ಟೆ ಅನ್ನುವುದು ಮರೆಯುತ್ತಿತ್ತು, ಆಮೇಲೆ ಊಟ ಆಯಿತೋ ಇಲ್ಲವೋ ಅನ್ನುವುದು, ಈಗೀಗ ಬೆಳಗಾಗಿದೆಯೋ ಸಂಜೆಯಾಗಿದೆಯೋ ಅನ್ನುವುದೂ. ಆದರೆ ಕಿವಿಯ ಮೇಲೆ ಸಿಕ್ಕಿಸಿಕೊಂಡ ಚಪ್ಪಟೆ ಪೆನ್ಸಿಲನ್ನು ಅವರು ಎಂದೂ ಮರೆತಿರಲಿಲ್ಲ.

ಅವರಿಗೆ ಒಂದೇ ಚಿಂತೆ, ಸೊಸೆ ಯಾವಾಗ ಬರುತ್ತಾಳೆ? ಡ್ರೈವರಮ್ಮನ ಕೆಲಸವೋ ವಾರದ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಎರಡು ದಿನ ಹಗಲು ಪಾಳಿ, ಎರಡು ದಿನ ರಾತ್ರಿ ಪಾಳಿ, ಎರಡು ದಿನ ರಜೆ, ಮತ್ತೆ ಮೊದಲಿನಿಂದ. ಹೋದ ಸೋಮವಾರ ಮನೆಯಲ್ಲಿದ್ದವಳು ಈ ಸೋಮವಾರ ಇರುವುದಿಲ್ಲ. ನೆಟ್ಟಗಿದ್ದವರಿಗೇ ತಲೆ ತಿರುಗುವ ವಿಷಯ. ಅದಕ್ಕಂತಲೇ ಎರಡು ವರ್ಷದ ಹಿಂದೆ ಮಾವನ ಮಗಳು, ಅಂದರೆ ಡ್ರೈವರಮ್ಮನ ನಾದಿನಿ, ಒಂದು ಕ್ಯಾಲೆಂಡರ್ ಮಾಡಿಕೊಟ್ಟಿದ್ದಳು. ಅವಳನ್ನು ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತಿದ್ದರು. ನಲವತ್ತು ದಾಟಿ, ಕೂದಲು ನರೆತು, ಪ್ರೆಸ್ಸಿನಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವವಳಾದರೂ ಪುಟ್ಟಿ ಪುಟ್ಟಿಯೇ. ಪುಸ್ತಕ, ಆಮಂತ್ರಣ, ಜಾಹೀರಾತು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಂದಿಸುವುದೇ ಅವಳ ಕಸುಬು. ಅಪ್ಪನಿಗಾಗಿ ತಿಂಗಳಿಗೊಂದು ದೊಡ್ಡ ಹಾಳೆ ಮಾಡಿದ್ದಳು. ಸೊಸೆ ಹಗಲು ಕೆಲಸಕ್ಕೆ ಹೋಗುವ ದಿನದ ಮನೆ, ಅಂದರೆ ಚೌಕ, ಹಳದಿ, ರಾತ್ರಿ ಹೋಗುವ ದಿನ ನೀಲಿ, ಮನೆಯಲ್ಲಿರುವ ದಿನ ಹಸಿರು. ಬೆರಳುದ್ದದ ಅಂಕಿಗಳು. ಹಾಳೆಯ ಮೇಲ್ಭಾಗದಲ್ಲಿ ಮಾವನೇ ಮಾಡಿದ ಕುರ್ಚಿ ಮೇಜುಗಳ ಚಿತ್ರ. ಮುಗಿದ ದಿನದ ಮೇಲೆ ಪೆನ್ಸಿಲಿನಿಂದ ಅಡ್ಡಗೀಟು ಎಳೆದು, ಇಂದಿನ ಬಣ್ಣ ನೋಡಿ, "ಓ, ಇವತ್ತು ಹಸಿರು" ಅಂದರೆ ಮಾವನ ದಿನ ನೆಮ್ಮದಿಯಾಗಿ ಶುರುವಾಯಿತು ಅಂತ ಅರ್ಥ.

ವರ್ಷ ತಿರುಗಿದಾಗ ಪುಟ್ಟಿಯೇ ಹೊಸದನ್ನು ಹೊಂದಿಸಿಕೊಟ್ಟಿದ್ದಳು. ಈ ಸಲ ಅವಳನ್ನು ಕೇಳುವ ಹಾಗಿರಲಿಲ್ಲ. ಎರಡು ತಿಂಗಳ ಹಿಂದೆ ಊಟದ ಮೇಜಿನ ಮುಂದೆ ಕೂತು ಪುಟ್ಟಿ, "ಅತ್ತಿಗೆ, ಅಪ್ಪನ್ನ ಆರೈಕೆ ಮನೆಗೆ ಸೇರಿಸೋ ವಿಷಯ ಯೋಚನೆ ಮಾಡೋ ಕಾಲ ಬಂತು" ಅಂದಿದ್ದಳು. ಡ್ರೈವರಮ್ಮನಿಗೆ ಎಲ್ಲಿತ್ತೋ ಕೋಪ, "ತಿಂಗಳಿಗೊಂದ್ಸಲ ನೆಂಟರ ಥರ ಬಂದು ಹೋಗೋರಿಗೆ ಹಾಗೇ ಅನ್ನಿಸುತ್ತೆ" ಅಂದುಬಿಟ್ಟಳು. ಪುಟ್ಟಿ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದವಳು ಮತ್ತೆ ಬಂದಿರಲಿಲ್ಲ. ಇಬ್ಬರ ನಡುವೆ ಮಾತು ಏನಿದ್ದರೂ ಗಂಡನ ಫೋನಿನ ಮೂಲಕವೇ. "ನಿನ್ನ ತಂಗಿಗೆ ಹೇಳು", "ಅತ್ತಿಗೆಗೆ ಹೇಳಣ್ಣ". ಪಾಪದವನು ಅಂಚೆಯವನ ಹಾಗೆ ಆಗಿಹೋಗಿದ್ದ.

ಡಿಸೆಂಬರ್ ಬಂತು. ಗೋಡೆಯ ಮೇಲೆ ಕೊನೆಯ ಹಾಳೆ. ಗಂಡ ಉಪಾಯ ಮಾಡಿದೆ ಅಂದುಕೊಂಡು ಅಂಗಡಿಯಿಂದ ಹೊಸ ವರ್ಷದ ಕ್ಯಾಲೆಂಡರ್ ತಂದ. ಜಲಪಾತದ ಚಿತ್ರದ್ದು, ಈ ವರ್ಷದ ಡಿಸೆಂಬರನ್ನೂ ಸೇರಿಸಿ ಅಚ್ಚು ಹಾಕಿದ್ದರು. ಈಗಿನಿಂದಲೇ ಅಭ್ಯಾಸವಾಗಲಿ ಅಂತ, ಹೆಂಡತಿ ಹಗಲು ಪಾಳಿಗೆ ಹೊರಟ ಮೇಲೆ ಹಳೆಯದನ್ನು ತೆಗೆದು ಅದೇ ಮೊಳೆಗೆ ಇದನ್ನು ನೇತುಹಾಕಿ ಗೋದಾಮಿಗೆ ಹೋದ.

ಅವರಿಬ್ಬರೂ ಇಲ್ಲದ ಹೊತ್ತಿನಲ್ಲಿ ಮಾವನ ಜೊತೆ ಇರುತ್ತಿದ್ದವರು ಮಹಡಿಯ ಮೇಲಿನ ಮನೆಯ ದೊಡ್ಡಮ್ಮ. ಸಂಬಂಧವೇನಿಲ್ಲ, ವಯಸ್ಸಿಗೆ ದೊಡ್ಡಮ್ಮ. ಆಕೆ ಒಲೆಯ ಮೇಲೆ ಹಾಲಿಟ್ಟು ತಿರುಗುವಷ್ಟರಲ್ಲಿ ಮುಂಬಾಗಿಲು ತೆರೆದಿತ್ತು, ಮಾವ ಇರಲಿಲ್ಲ.

ದೊಡ್ಡಮ್ಮ ಫೋನು ಮಾಡಿದಾಗ ಡ್ರೈವರಮ್ಮ ರೋಗಿಯನ್ನು ಇಳಿಸಿ ಖಾಲಿ ಗಾಡಿ ತರುತ್ತಿದ್ದಳು. ದಿನಕ್ಕೆ ಎಷ್ಟೋ ಮನೆಗಳ ಗಾಬರಿಯನ್ನು ಸಾಗಿಸುವ ಗಾಡಿಯಲ್ಲಿ ಈಗ ಇದ್ದದ್ದು ಅವಳ ಮನೆಯದೇ ಗಾಬರಿ. ಮನೆಯ ದಾರಿಯಲ್ಲೇ ನಿಧಾನಕ್ಕೆ ಬಂದಳು, ಕಣ್ಣು ಎರಡೂ ಬದಿಗೆ. ಮೂರು ರಸ್ತೆ ಕೂಡುವಲ್ಲಿ, ಬಸ್ ನಿಲ್ದಾಣದ ಬೆಂಚಿನ ಮೇಲೆ, ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಮಾವ ಕೂತಿದ್ದರು. ತೊಡೆಯ ಮೇಲೆ ಉಪಕರಣದ ಚೀಲ.

"ಮಾವ! ಇಲ್ಲೇನು ಮಾಡ್ತಿದೀರಿ?"

"ನೀನು ಯಾವಾಗ ಬರ್ತೀಯ ಅಂತ ಯಾರೂ ಹೇಳ್ಲಿಲ್ಲಮ್ಮ. ಕೇಳ್ಕೊಂಡು ಬರೋಣ ಅಂತ ಹೊರಟೆ" ಅಂದರು, ಇದೇನು ದೊಡ್ಡ ವಿಷಯ ಅನ್ನುವ ಹಾಗೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಬೆಲ್ಟು ಹಾಕಿಸಿಕೊಂಡು ಮಾವ ಗಾಡಿಯ ಒಳಗನ್ನೆಲ್ಲ ನೋಡಿ, "ಒಳ್ಳೆ ಗಾಡಿ. ಬಾಗಿಲು ಮಾತ್ರ ಸರಿಯಾಗಿ ಕೂತಿಲ್ಲ" ಅಂದರು. ಜೊತೆಯಲ್ಲಿದ್ದ ನರ್ಸು ನಕ್ಕುಬಿಟ್ಟಳು. ಡ್ರೈವರಮ್ಮನಿಗೆ ನಗು ಬರಲಿಲ್ಲ.

ಸಂಜೆ ಜಲಪಾತ ಗೋಡೆಯಿಂದ ಇಳಿದು ಹಳೆಯದು ಮತ್ತೆ ಮೊಳೆಗೆ ಏರಿತು. ಗಂಡ ಮುಖ ಸಣ್ಣಗೆ ಮಾಡಿಕೊಂಡು, "ಪುಟ್ಟಿಗೆ ಒಂದು ಮಾತು ಹೇಳ್ಲಾ? ಅರ್ಧ ದಿನದ ಕೆಲಸ ಅವಳಿಗೆ" ಅಂದ.

"ಬೇಡ. ಬಂದ್ರೆ ಕ್ಯಾಲೆಂಡರ್ ಮಾತಾಡಲ್ಲ ಅವಳು, ಆರೈಕೆ ಮನೆ ಮಾತಾಡ್ತಾಳೆ. ಇವತ್ತಿನ ಕಥೆ ಕೇಳಿದ್ರಂತೂ ಮುಗೀತು."

"ಮತ್ತೆ ಮಾಡೋರು ಯಾರು?"

"ನಾನೇ ಮಾಡ್ತೀನಿ."

"ನಿನಗೆ ಆ ಸಾಫ್ಟ್‌ವೇರ್ ಬರುತ್ತಾ?"

"ಗೇರಿನ ಗಾಡಿ ಬರ್ತಿತ್ತಾ ನಂಗೆ? ಕಲಿಯಲಿಲ್ವಾ?"

ಮುಂದಿನ ರಜೆಯ ದಿನ ಮಧ್ಯಾಹ್ನ ಊಟದ ಮೇಜನ್ನು ಒರೆಸಿ ಮನೆಯ ಹಳೆಯ ಲ್ಯಾಪ್‌ಟಾಪ್ ತೆರೆದಳು. ಪುಟ್ಟಿಯ ಕಡತ ಅದರಲ್ಲೇ ಇತ್ತು. ತೆರೆದ ಕೂಡಲೇ ಒಂದು ಎಚ್ಚರಿಕೆ ಬಂತು, ಇಂಥ ಫಾಂಟ್ ಈ ಯಂತ್ರದಲ್ಲಿಲ್ಲ, ಬೇರೆಯದನ್ನು ಹಾಕಲೇ ಅಂತ. ಹೂಂ ಅಂದಳು. ಹೂಂ ಅಂದದ್ದೇ ತಡ, ಪುಟ್ಟಿಯ ದುಂಡು ದುಂಡಾದ ದಪ್ಪ ಅಂಕಿಗಳೆಲ್ಲ ಉಪವಾಸ ಬಿದ್ದವರ ಹಾಗೆ ಬಡಕಲಾಗಿ ನಿಂತವು.

"ಆರಂಭವೇ ಚೆನ್ನಾಗಿದೆ" ಅಂದ ಗಂಡ, ಪತ್ರಿಕೆಯ ಹಿಂದಿನಿಂದ.

"ನೀನು ಸುಮ್ನಿರು."

ವರ್ಷ ಬದಲಿಸುವುದು ಒಂದು ಗುಂಡಿ ಒತ್ತುವ ಕೆಲಸ ಅಂದುಕೊಂಡಿದ್ದಳು. ಹಾಗಂತ ಒಂದು ವಿಡಿಯೋ ಹೇಳುತ್ತಲೂ ಇತ್ತು. ಸಾಫ್ಟ್‌ವೇರಿನವರೇ ಕೊಟ್ಟ ಮಾದರಿಯಾಗಿದ್ದರೆ ಅದು ನಿಜ, ಹೊಸ ವರ್ಷ ಆರಿಸಿದರೆ ತಾರೀಖುಗಳು ತಾವೇ ಸರಿಯುತ್ತವೆ. ಪುಟ್ಟಿ ಆ ಮಾದರಿಯನ್ನು ಒಡೆದು ತನ್ನ ಇಷ್ಟದಂತೆ ಕಟ್ಟಿದ್ದಳು. ಪ್ರತಿ ದಿನವೂ ಕೈಯಾರೆ ಇಟ್ಟ ಒಂದೊಂದು ಮನೆ, ಪ್ರತಿ ಬಣ್ಣವೂ ಕೈಯಾರೆ ತುಂಬಿದ್ದು. ಅಂದಮೇಲೆ ಬದಲಿಸುವುದೂ ಕೈಯಾರೆಯೇ.

ಡ್ರೈವರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದವಳ ಹಾಗೆ ಕುರ್ಚಿ ಎಳೆದುಕೊಂಡು ಕೂತಳು. ಜನವರಿ ಒಂದನೆಯ ತಾರೀಖು ಹೋದ ವರ್ಷ ಬಿದ್ದ ವಾರಕ್ಕೆ ಈ ವರ್ಷ ಬೀಳುವುದಿಲ್ಲ, ಒಂದು ಮನೆ ಮುಂದೆ. ಅದನ್ನು ಸರಿಸಿದರೆ ಅದರ ನಂತರದ್ದೆಲ್ಲ ಸರಿಯಬೇಕು. ಸರಿಸಿದಳು. ಮೂವತ್ತೊಂದು ಹೋಗಿ ಕೆಳಗಿನ ಅಂಚಿನಾಚೆ ಬಿತ್ತು. ಸಾಲು ಸೇರಿಸಿದಳು. ಕುರ್ಚಿಯ ಚಿತ್ರ ಬಂದು ಮೊದಲ ವಾರದ ಮೇಲೆ ಕೂತಿತು. ಚಿತ್ರವನ್ನು ಎಳೆಯಲು ಹೋದರೆ ಅದು ಅಲುಗಲೇ ಇಲ್ಲ, ಹಿಂದಿನ ಬಣ್ಣದ ಪಟ್ಟಿ ಮಾತ್ರ ಆಯ್ಕೆಯಾಗುತ್ತಿತ್ತು. ಸಿಟ್ಟಿಗೆ ಆ ಪಟ್ಟಿಯನ್ನೇ ಅಳಿಸಿದಳು. ಹನ್ನೆರಡೂ ತಿಂಗಳ ಪಟ್ಟಿ ಒಟ್ಟಿಗೇ ಮಾಯ!

"ಅಯ್ಯಯ್ಯೋ!"

ಗಂಡ ಪತ್ರಿಕೆ ಬಿಸಾಕಿ ಓಡಿ ಬಂದ. ಇಬ್ಬರೂ ಪರದೆಯ ಮುಂದೆ ಬೆಪ್ಪಾಗಿ ನಿಂತರು. ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಒತ್ತಿದಾಗ ಎಲ್ಲವೂ ವಾಪಸ್ಸು ಬಂತು. ಆ ಪಟ್ಟಿ ಎಲ್ಲ ಪುಟಗಳಿಗೂ ಸೇರಿದ ಮಾಸ್ಟರ್ ಪುಟದಲ್ಲಿ ಇರುವುದು ಅನ್ನುವುದು ಅವಳಿಗೆ ಆಗ ತಿಳಿಯಿತು. ಮೊದಲು ಹೊಸ ಹೆಸರಿನಲ್ಲಿ ಉಳಿಸಿಕೊಂಡು ಆಮೇಲೆ ಕೈ ಹಚ್ಚಬೇಕು ಅನ್ನುವುದೂ ತಿಳಿಯಿತು. ಹಳೆಯದಕ್ಕೆ ಏಟಾಗದ ಹಾಗೆ ಒಂದು ಪ್ರತಿ ಮಾಡಿಕೊಂಡು ಮತ್ತೆ ಜನವರಿಯಿಂದ ಶುರುಮಾಡಿದಳು.

ನಿಜವಾದ ತಲೆನೋವು ಬಣ್ಣಗಳದ್ದು. ವಾರಕ್ಕೆ ಏಳು ದಿನ, ಅವಳ ಪಾಳಿಗೆ ಆರು. ಹಾಗಾಗಿ ಒಂದು ವಾರದ ಬಣ್ಣ ಇನ್ನೊಂದು ವಾರಕ್ಕೆ ನಕಲು ಮಾಡಿದರೆ ಕೆಟ್ಟಿತು. ಡಿಸೆಂಬರ್ ಕೊನೆಯ ದಿನ ಯಾವ ಪಾಳಿ ಅಂತ ನೋಡಿಕೊಂಡು ಅಲ್ಲಿಂದ ಬೆರಳು ಮಡಿಚುತ್ತ ಮುಂದೆ ಹೋಗಬೇಕು. ಹಳದಿ ಹಳದಿ, ನೀಲಿ ನೀಲಿ, ಹಸಿರು ಹಸಿರು. ಗಾಡಿಯಲ್ಲಿ ಕೂತಾಗಲೂ ಬಾಯಲ್ಲಿ ಅದೇ ಜಪ. "ಏನಕ್ಕಾ, ಮನೆಗೆ ಬಣ್ಣ ಹೊಡೆಸ್ತಿದೀರಾ?" ಅಂತ ನರ್ಸು ಕೇಳಿದಳು. ಏಪ್ರಿಲ್ ಮುಗಿಸಿ ನೋಡಿದರೆ ಮಾರ್ಚಿನಲ್ಲಿ ಒಂದು ಹಸಿರು ಹೆಚ್ಚಾಗಿತ್ತು, ಮತ್ತೆ ಅಳಿಸಿದಳು. ಇಲ್ಲದ ಫಾಂಟಿನ ಬದಲು ಅಷ್ಟೇ ದಪ್ಪನೆಯ ಇನ್ನೊಂದನ್ನು ಹುಡುಕಿ ಹಾಕಿದಳು. ರಜೆಯ ದಿನಗಳೂ, ರಾತ್ರಿ ಪಾಳಿಯಿಂದ ಬಂದು ನಿದ್ದೆ ತೆಗೆದು ಎದ್ದ ಸಂಜೆಗಳೂ ಇದರಲ್ಲೇ ಹೋದವು. ಅನ್ನಕ್ಕಿಡುವುದು ಗಂಡನ ಪಾಲಿಗೆ ಬಂತು.

ಕ್ರಮೇಣ ಕೈ ಕುದುರಿತು. ಬಿಗಿದಿಟ್ಟದ್ದನ್ನು ಬಿಡಿಸುವುದು, ಚಿತ್ರವನ್ನು ಹಿಂದಕ್ಕೆ ಕಳಿಸುವುದು, ಒಂದು ಮನೆಯ ಅಳತೆಯನ್ನು ಇನ್ನೊಂದಕ್ಕೆ ಕೊಡುವುದು, ಎಲ್ಲ ಬಂತು. ಡಿಸೆಂಬರಿನ ಕೊನೆಯ ಮನೆಗೆ ಬಣ್ಣ ತುಂಬಿದ ಸಂಜೆ ಅವಳು ಕುರ್ಚಿಗೆ ಒರಗಿ, ಎರಡೂ ಕೈ ತಲೆಯ ಹಿಂದೆ ಕಟ್ಟಿ, "ನೋಡು" ಅಂದಳು. ಗಂಡ ಒಂದೊಂದೇ ತಿಂಗಳು ಸರಿಸಿ ನೋಡಿ, "ಪುಟ್ಟಿ ಮಾಡಿದ ಹಾಗೇ ಇದೆ" ಅಂದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಳಿ ಇರಲಿಲ್ಲ, ಅವಳಿಗೂ ಬೇಕಿರಲಿಲ್ಲ.

ಮುಖ್ಯ ರಸ್ತೆಯ ಅಂಗಡಿಯಲ್ಲಿ ದಪ್ಪ ಹಾಳೆಗೆ ಅಚ್ಚು ಹಾಕಿಸಿ ತಂದಳು. ವರ್ಷ ತಿರುಗಲು ಇನ್ನೂ ಕೆಲವು ದಿನ ಇತ್ತು. ರಜೆಯ ಒಂದು ಬೆಳಿಗ್ಗೆ, ಮಾವನಿಗೆ ತೋರಿಸಿ ಇಡೋಣ ಅಂತ ಅವರ ಮುಂದೆ ಜನವರಿಯನ್ನು ಹಿಡಿದಳು. ಮಾವ ಚಿತ್ರದಲ್ಲಿದ್ದ ಕುರ್ಚಿಯನ್ನು ಗುರುತು ಹಿಡಿದು ಬೆರಳಾಡಿಸಿದರು. ಅಂಕಿಗಳ ಕಡೆ ನೋಡಲಿಲ್ಲ. ಇರಲಿ, ಇನ್ನೂ ಡಿಸೆಂಬರ್ ತಾನೆ ಅಂದುಕೊಂಡು, ಗೋಡೆಯ ಹಳೆಯ ಹಾಳೆಯತ್ತ ಕೈ ಮಾಡಿ, "ಮಾವ, ನಿನ್ನೆಯದಕ್ಕೆ ಗೀಟು ಹಾಕಿ, ನೋಡೋಣ" ಅಂದಳು.

ಮಾವ ಕಿವಿಯಿಂದ ಪೆನ್ಸಿಲ್ ತೆಗೆದರು. ಹಾಳೆಯ ಮುಂದೆ ನಿಂತರು. ಪೆನ್ಸಿಲ್ ಮೊದಲ ಸಾಲಿಗೆ ಹೋಯಿತು, ಅಲ್ಲಿಂದ ಕೊನೆಯ ಸಾಲಿಗೆ, ಮತ್ತೆ ನಡುವಿಗೆ. ಅಷ್ಟೊಂದು ಮನೆಗಳು, ಅಷ್ಟೊಂದು ಬಣ್ಣ. ಬೆವರು ಒರೆಸಿಕೊಂಡರು. ಕಡೆಗೆ ಯಾವುದೋ ಒಂದು ಮನೆಯ ಮೇಲೆ ಗೀಟು ಎಳೆದು, ಪರೀಕ್ಷೆ ಬರೆದ ಮಗುವಿನ ಹಾಗೆ ಸೊಸೆಯ ಮುಖ ನೋಡಿದರು.

"ಸರಿಯಾ?"

ಸರಿ ಇರಲಿಲ್ಲ. ಆ ದಿನ ಕಳೆದು ವಾರವಾಗಿತ್ತು, ಗೀಟೂ ಆಗಲೇ ಬಿದ್ದಿತ್ತು.

ಮಹಡಿಯ ದೊಡ್ಡಮ್ಮ ಮೊಸರು ಕೇಳಲು ಇಳಿದು ಬಂದವರು ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದರು. ಮಾವ ಹಿತ್ತಲಿಗೆ ಹೋದಮೇಲೆ ತಗ್ಗಿದ ದನಿಯಲ್ಲಿ, "ಹೇಳಬಾರದು ಅಂತ ಅಲ್ಲಮ್ಮ. ನಿನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ಮಳೆಗಾಲ ಮುಗಿದಾಗಿಂದ ನಾನೇ ಅವರ ಬೆರಳು ಹಿಡಿದು ತೋರಿಸ್ತಿದೀನಿ. ಇವತ್ತು ಹಳದಿ, ಸಂಜೆಗೆ ಸೊಸೆ ಬರ್ತಾಳೆ ಅಂತ ನಾನು ಹೇಳಿದ ಮೇಲೆ ಓ ಹಳದಿ ಅಂತಾರೆ. ಅಂಗಡಿ ಕ್ಯಾಲೆಂಡರಲ್ಲಿ ನಂಗೇ ಏನೂ ಗೊತ್ತಾಗ್ಲಿಲ್ಲ, ಅದಕ್ಕೇ ಅವತ್ತು ಹಾಗಾಯ್ತು" ಅಂದರು.

ಡ್ರೈವರಮ್ಮ ಮೊಸರು ಕೊಟ್ಟು ಕಳಿಸಿದಳು. ಹನ್ನೆರಡು ಹಾಳೆಗಳನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಪಟ್ಟ ಪಾಡಿಗಾಗಿ ಅತ್ತದ್ದಲ್ಲ. ತಾನು ಮನೆಯಲ್ಲಿದ್ದ ದಿನಗಳಲ್ಲಿ ಅವಸರಕ್ಕೆ ತಾನೇ "ಇವತ್ತು ಹಸಿರು ಮಾವ" ಅಂತ ಒಲೆಯ ಮುಂದಿನಿಂದಲೇ ಕೂಗಿ ಹೇಳಿಬಿಡುತ್ತಿದ್ದಳಲ್ಲ, ಒಮ್ಮೆಯಾದರೂ ನಿಂತು ನೋಡಿದ್ದರೆ ತಿಳಿಯುತ್ತಿರಲಿಲ್ಲವೇ ಅಂತ. ಹಾಗಾದರೆ ಪುಟ್ಟಿ ಹೇಳಿದ್ದೇ ಸರಿಯೇ? ಆ ಯೋಚನೆ ಬಂದದ್ದೇ ನಲ್ಲಿ ನಿಲ್ಲಿಸಿದಳು.

ಮಧ್ಯಾಹ್ನ ಮಾವನಿಗೆ ಊಟ ಬಡಿಸಿ ಎದುರಿಗೆ ಕೂತು, ಈ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇತ್ತು. ಮಾವ ಅದರ ಚೀಟಿಯನ್ನು ತಾವಾಗಿಯೇ "ಉಪ್ಪು" ಅಂತ ಓದಿದರು. ಪಕ್ಕದಲ್ಲಿದ್ದ ಪತ್ರಿಕೆಯನ್ನು ಮುಂದಿಟ್ಟರೆ ಮುಖ ತಿರುಗಿಸಿದರು. ಪತ್ರಿಕೆಯನ್ನು ಮಡಿಚಿ ಒಂದೇ ತಲೆಬರಹ ಕಾಣುವ ಹಾಗೆ ಹಿಡಿದಳು. ಅಕ್ಷರ ಅಕ್ಷರವಾಗಿ ಓದಿ, "ಸೇತುವೆ ದುರಸ್ತಿ" ಅಂದು, "ಯಾರು ಮಾಡ್ತಿರೋದು?" ಅಂತಲೂ ಕೇಳಿದರು.

ಒಂದು ಕಂಡರೆ ಓದುತ್ತಾರೆ. ಹಲವು ಕಂಡರೆ ಕಳೆದುಹೋಗುತ್ತಾರೆ. ಅಷ್ಟೇ ತಾನೆ? ಹಾಗಿದ್ದರೆ ತಿಂಗಳಿಗೊಂದು ಹಾಳೆಯಲ್ಲ, ದಿನಕ್ಕೊಂದು ಹಾಳೆ ಬೇಕು. ಒಂದು ವಾರದ ಹೆಸರು, ಒಂದು ಅಂಕಿ, ಒಂದು ಬಣ್ಣ, ಒಂದು ಸಾಲು. ಲ್ಯಾಪ್‌ಟಾಪ್ ತೆರೆದು ಒಂದು ಹಾಳೆ ಮಾಡಿದಳು. ಇಡೀ ಹಾಳೆ ಹಸಿರು, ಕೆಳಗೆ ದಪ್ಪಕ್ಷರದಲ್ಲಿ "ಸೊಸೆ ಇವತ್ತು ಮನೆಯಲ್ಲಿದ್ದಾಳೆ". ಎರಡನೆಯದು ಮಾಡಿದಳು, ಮೂರನೆಯದು. ವಾರದ ಹೆಸರು ಬದಲಿಸಿ, ಅಂಕಿ ಬದಲಿಸಿ, ಬಣ್ಣ ಬದಲಿಸಿ, ಸಾಲು ಬದಲಿಸಿ. ಇದೇ ವೇಗದಲ್ಲಿ ಹೋದರೆ ಜನವರಿಯ ಹಾಳೆ ಮುಗಿಯುವಾಗ ಫೆಬ್ರವರಿ ಬಂದಿರುತ್ತದೆ. ಇದಕ್ಕೇನೋ ದಾರಿ ಇರಲೇಬೇಕು. ಮದುವೆ ಆಮಂತ್ರಣದ ಮೇಲೆ ನೂರಾರು ಹೆಸರು ಒಂದೇ ಸಲಕ್ಕೆ ಅಚ್ಚಾಗಿ ಬರುವುದಿಲ್ಲವೇ? ದಾರಿ ಗೊತ್ತಿರುವವಳು ಒಬ್ಬಳೇ.

ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ ಇದ್ದ ಪಾತ್ರೆಯೆಲ್ಲ ತೊಳೆದಳು. ಗಂಡ ಬಾಗಿಲಿಗೆ ಒರಗಿ, "ನಾನು ಹೇಳ್ಲಾ?" ಅಂದ.

"ಬೇಡ. ನಾನು ಬೈದದ್ದು, ನಾನೇ ಕರೀಬೇಕು."

ಪುಟ್ಟಿ ಎತ್ತಿದ ಕೂಡಲೇ ಪೀಠಿಕೆಯಿಲ್ಲದೆ ಹೇಳಿದಳು. "ಪುಟ್ಟಿ, ಅವತ್ತು ನಾನಂದ ಮಾತು ತಪ್ಪು. ನೀನು ಅಂದದ್ದಕ್ಕೆ ನಾನೇನೂ ಒಪ್ಪಿಲ್ಲ, ಅದು ಬೇರೆ. ಆದರೆ ಅಪ್ಪನಿಗೆ ಹಳೇ ಕ್ಯಾಲೆಂಡರ್ ಈಗ ಓದಕ್ಕೆ ಆಗ್ತಿಲ್ಲ. ಹೊಸಾ ಥರದ್ದು ಬೇಕು. ನನ್ನ ಕೈಲಿ ಪೂರ್ತಿ ಆಗ್ತಿಲ್ಲ. ಬರ್ತೀಯಾ?"

ಪುಟ್ಟಿ ಕೇಳಿದಳು, "ಫಾಂಟ್ ಇರಲಿಲ್ಲ ಅಲ್ವಾ ಆ ಡಬ್ಬಾದಲ್ಲಿ?"

"ಇರಲಿಲ್ಲ."

"ತರ್ತೀನಿ. ನಾಳೆ ನಿಮ್ಮದು ಯಾವ ಬಣ್ಣ?"

"ಹಸಿರು."

ಮರುದಿನ ಬೆಳಿಗ್ಗೆ ಪುಟ್ಟಿ ಬಂದಳು, ಹೆಗಲಿಗೆ ತನ್ನದೇ ಕಂಪ್ಯೂಟರ್. ಅತ್ತಿಗೆ ನಾದಿನಿ ಮೊದಲ ಹತ್ತು ನಿಮಿಷ ಚಾರ್ಜರಿನ ತಂತಿ, ಚಹಾಕ್ಕೆ ಸಕ್ಕರೆ ಇಂಥ ಮಾತುಗಳಲ್ಲೇ ಕಳೆದರು. ಡ್ರೈವರಮ್ಮ ತಾನು ಮಾಡಿದ ಹನ್ನೆರಡು ಹಾಳೆಗಳನ್ನು ಬಿಚ್ಚಿ ತೋರಿಸಿದಳು. ಪುಟ್ಟಿ ಒಂದೊಂದನ್ನೂ ನಿಧಾನವಾಗಿ ನೋಡಿದಳು.

"ಇಷ್ಟನ್ನೂ ಒಂದೊಂದಾಗಿ ಸರಿಸಿದ್ರಾ ಅತ್ತಿಗೆ?"

"ಮತ್ತೆ? ಬೇರೆ ಹೇಗೆ?"

"ನಮ್ಮ ಪ್ರೆಸ್ಸಿಗೆ ಬಂದುಬಿಡಿ. ಇಷ್ಟು ತಾಳ್ಮೆ ಇರೋರು ಅಲ್ಲಿ ಒಬ್ಬರೂ ಇಲ್ಲ."

ಇಬ್ಬರಿಗೂ ನಗು ಬಂತು. ನಕ್ಕಾದ ಮೇಲೆ ಪುಟ್ಟಿ ದಿನಕ್ಕೊಂದು ಹಾಳೆಯ ವಿಷಯ ಕೇಳಿಸಿಕೊಂಡಳು. ಒಂದೇ ಒಂದು ಹಾಳೆಯನ್ನು ಹೊಂದಿಸಿ, ತಾರೀಖು, ವಾರ, ಪಾಳಿ, ಸಾಲು ಇಷ್ಟನ್ನೂ ಬೇರೆ ಪಟ್ಟಿಯಾಗಿ ಕೊಟ್ಟರೆ ಸಾಫ್ಟ್‌ವೇರೇ ಪಟ್ಟಿಯನ್ನು ಓದಿಕೊಂಡು ಪುಟಗಳನ್ನು ಹೆರುತ್ತದೆ ಅಂತ ಮಾಡಿ ತೋರಿಸಿದಳು. ಹಾಳೆ ಹೊಂದಿಸುವುದು ಪುಟ್ಟಿ, ಪಟ್ಟಿ ಡ್ರೈವರಮ್ಮನದು. ಅವಳಿಗೆ ಹಳದಿ ಹಳದಿ ನೀಲಿ ನೀಲಿ ಬಾಯಿಪಾಠವಾಗಿತ್ತಲ್ಲ, ಬಡಬಡ ತುಂಬಿಸಿದಳು. ನಡುನಡುವೆ ಜಗಳವೂ ನಡೆಯಿತು. ಪುಟ್ಟಿಗೆ ಅಂಚಿನಲ್ಲಿ ಸಣ್ಣದೊಂದು ಬಳ್ಳಿ ಬೇಕು, ಚೆಂದಕ್ಕೆ.

"ಬೇಡ. ಬಳ್ಳಿ ನೋಡ್ತಾ ನಿಂತುಬಿಡ್ತಾರೆ."

"ಒಂದೇ ಒಂದು ಎಲೆ?"

"ಅರ್ಧ ಎಲೆನೂ ಬೇಡ."

ಎಷ್ಟು ದಿನದ್ದು ಮಾಡಬೇಕು ಅಂತ ಬಂದಾಗ ಪುಟ್ಟಿ ಕೈ ನಿಲ್ಲಿಸಿದಳು. "ಮೂರು ತಿಂಗಳಿಗೆ ಸಾಕು ಅತ್ತಿಗೆ."

"ಯಾಕೆ? ಅಷ್ಟರಲ್ಲಿ ಕಳಿಸಿಬಿಡೋಣ ಅಂತಲಾ?"

"ಅಲ್ಲ. ಹೋದ ವರ್ಷ ಅಪ್ಪ ಇದ್ದ ಹಾಗೆ ಈ ವರ್ಷ ಇಲ್ಲ. ಅವನಿಗೆ ಏನು ಓದಕ್ಕೆ ಬರುತ್ತೆ ಅಂತ ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಮಾಡೋಣ." ಪುಟ್ಟಿ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದಳು. "ನಾನು ಆರೈಕೆ ಮನೆ ಅಂದದ್ದು ನಿಮಗೆ ಕಷ್ಟ ಅಂತ. ನೀವು ಸೋತು ಬಿದ್ದರೆ ಅಪ್ಪನ್ನ ಯಾರು ನೋಡ್ತಾರೆ ಅಂತ. ನಂಗೆ ಹೇಳಕ್ಕೆ ಬರ್ಲಿಲ್ಲ."

"ಕಷ್ಟ ಇದೆ" ಅಂದಳು ಡ್ರೈವರಮ್ಮ. ಹಾಗಂತ ಅವಳು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. "ಇಲ್ಲ ಅಂತ ಯಾರಂದ್ರು? ಆದ್ರೂ ಈಗ ಬೇಡ. ಕೈಲಾಗದ ದಿನ ನಾನೇ ಹೇಳ್ತೀನಿ."

"ಹೇಳ್ತೀರಾ?"

"ಹೇಳ್ತೀನಿ. ಆದ್ರೆ ನೀನು ತಿಂಗಳಿಗೊಂದ್ಸಲ ಬಂದ್ರೆ ಆಗಲ್ಲ."

"ಬುಧವಾರ ಬುಧವಾರ ಬರ್ತೀನಿ. ಪ್ರೆಸ್ಸಿನವರು ಒಂದು ದಿನ ಇಲ್ಲದೆ ಬದುಕ್ತಾರೆ. ಪಟ್ಟಿಯಲ್ಲಿ ಹಾಕಿ."

ಡ್ರೈವರಮ್ಮ ಪಟ್ಟಿಯಲ್ಲಿ ಎಲ್ಲ ಬುಧವಾರಗಳನ್ನೂ ಹುಡುಕಿ, "ಮಗಳು ಬರುತ್ತಾಳೆ" ಅಂತ ಸೇರಿಸಿದಳು.

ಅಚ್ಚಾಗಿ ಬಂದ ಹಾಳೆಗಳ ಕಟ್ಟು ಮೇಜಿನ ಮೇಲೆ ಒಂದಿಷ್ಟು ಓರೆಕೋರೆಯಾಗಿ ಬಿದ್ದಿತ್ತು. ಇಬ್ಬರೂ ಹಾಳೆಗಳನ್ನು ಕಟ್ಟಲು ಸುರುಳಿ ತಂತಿ ಎಲ್ಲಿ ಹಾಕಿಸುವುದು ಅಂತ ಮಾತಾಡುತ್ತಿದ್ದಾಗ ಮಾವ ಬಂದು ಕಟ್ಟನ್ನು ಎರಡೂ ಅಂಗೈ ನಡುವೆ ಹಿಡಿದು ಮೇಜಿಗೆ ಮೆಲ್ಲಗೆ ತಟ್ಟಿದರು, ತಿರುಗಿಸಿ ಮತ್ತೆ ತಟ್ಟಿದರು. ನಾಲ್ಕೂ ಅಂಚು ಕೊರೆದಿಟ್ಟ ಹಾಗೆ ಒಂದೇ ಸಮ ಆಯಿತು. ಒಳಗೆ ಹೋಗಿ ಒಂದು ಹಲಗೆ ತಂದರು. ಮಗಳೂ ಸೊಸೆಯೂ ನೋಡುತ್ತ ನಿಂತರು. ಮಾವ ಅಳೆಯಲಿಲ್ಲ. ಕಟ್ಟನ್ನು ಹಲಗೆಯ ಮೇಲಿಟ್ಟು ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟು, "ಇಲ್ಲಿ, ಇಲ್ಲಿ" ಅಂದರು. ಗಂಡ ತೂತು ಹೊಡೆದ. ಹಾಳೆಗಳು ಹಲಗೆಯ ಮೇಲೆ ಎರಡು ಲೋಹದ ಬಳೆಗಳಲ್ಲಿ ನೆಟ್ಟಗೆ ಕೂತವು. ಹೀಗೆ ಕ್ಯಾಲೆಂಡರ್ ಗೋಡೆಯ ಮೇಲಿಂದ ಇಳಿದು ಊಟದ ಮೇಜಿಗೆ, ಮಾವನ ಕಣ್ಣಿನ ಎದುರಿಗೇ ಬಂತು.

ಹೊಸ ವರ್ಷದ ಮೊದಲ ದಿನ ಡ್ರೈವರಮ್ಮನಿಗೆ ನೀಲಿ. ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬೆಳಿಗ್ಗೆ ಬಂದವಳು ಬೂಟು ಕಳಚುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಯಾರೂ ಏನೂ ಹೇಳಬಾರದು ಅಂತ ಗಂಡನಿಗೆ ತಾಕೀತಾಗಿತ್ತು. ಮಾವ ಹಾಳೆಯ ಮುಂದೆ ಕೂತು ಮೊದಲು ಅಂಕಿಯನ್ನು, ಆಮೇಲೆ ಸಾಲನ್ನು ನೋಡಿದರು. ತುಟಿ ಅಲುಗಿತು. "ಸೊಸೆ... ಸಂಜೆ... ಕೆಲಸಕ್ಕೆ ಹೋಗುತ್ತಾಳೆ." ತಲೆ ಎತ್ತಿ ಅವಳನ್ನು ನೋಡಿ, "ಸಂಜೆ ತಾನೆ? ಹಾಗಿದ್ರೆ ಈಗ ಮಲಕ್ಕೋ ಹೋಗಮ್ಮ" ಅಂದರು. ಅವಳು ಸರಿ ಮಾವ ಅಂದು ಒಳಗೆ ಹೋಗಿ, ಬಹಳ ದಿನಗಳ ಮೇಲೆ ಮೈಮರೆತು ನಿದ್ದೆ ಮಾಡಿದಳು.

ಎಲ್ಲ ದಿನವೂ ಹಾಗೇ ಇರಲಿಲ್ಲ. ಕೆಲವು ಬೆಳಗು ಹಾಳೆ ಮಗುಚುವುದೇ ಮರೆಯಿತು, ಕೆಲವು ಬೆಳಗು ನಾಲ್ಕು ಹಾಳೆ ಒಟ್ಟಿಗೆ ಮಗುಚಿತು, ದೊಡ್ಡಮ್ಮ ಸರಿಮಾಡಿಟ್ಟರು. ಆದರೆ ಆ ಮೂರು ತಿಂಗಳಲ್ಲಿ ಮಾವ ಬೀದಿಗೆ ಇಳಿಯಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ ಮಾತ್ರ ಹಾಳೆ ಓದಿ ಮುಗಿಸಿ, "ಸೊಸೆ ಅಂತ ಬರೆದಿದೆ. ಯಾರದು?" ಅಂದರು.

"ನಾನೇ ಮಾವ."

"ನೀನು ಗಾಡಿ ಓಡಿಸೋಳಲ್ವಾ?"

ಆ ಬುಧವಾರ ಪುಟ್ಟಿ ಬಂದಾಗ ಡ್ರೈವರಮ್ಮ ಅದನ್ನು ಹೇಳಿದಳು. ಪುಟ್ಟಿ ಬಹಳ ಹೊತ್ತು ಚಹಾ ಕಲಕಿದಳು. ಆಮೇಲೆ ಕಂಪ್ಯೂಟರ್ ತೆರೆದು, "ಪದ ಹೋದರೆ ಹೋಗಲಿ. ಮುಖ ಹಾಕೋಣ" ಅಂದಳು. ಸಮವಸ್ತ್ರ ತೊಟ್ಟ ಡ್ರೈವರಮ್ಮನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಚಿತ್ರ ತೆಗೆದಳು. ಬುಧವಾರಕ್ಕೆ ತನ್ನದೂ ಬೇಕಿತ್ತು, ಅದನ್ನು ಡ್ರೈವರಮ್ಮ ತೆಗೆದಳು. ತನ್ನ ಮುಖವಿದ್ದ ಬುಧವಾರದ ಮಾದರಿ ಹಾಳೆಯನ್ನು ಅಚ್ಚು ಹಾಕಿಸಿ ತಂದು ಪುಟ್ಟಿ ಮಾವನ ಮುಂದಿಟ್ಟು ಎದುರಿಗೆ ಕೂತಳು.

"ಅಪ್ಪ, ಇದು ಯಾರು?"

ಮಾವ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಹೆಸರು ಬರಲಿಲ್ಲ. ಎದುರಿಗೆ ಕೂತವಳನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿ, "ನಮ್ಮ ಹುಡುಗಿ. ಇವಳು ಬಂದ್ರೆ ಬಾಗಿಲು ತೆಗೀರಿ, ಹೊರಗೆ ನಿಲ್ಲಿಸಬೇಡಿ" ಅಂದರು.

ಪುಟ್ಟಿ ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು. ಡ್ರೈವರಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಏಪ್ರಿಲ್ ಒಂದು ಯಾವ ಪಾಳಿ ಅಂತ ನೋಡಿ ಪಟ್ಟಿ ಶುರುಮಾಡಿದಳು.